ಲಕ್ಷ ಮೈಲಿ ಅಲೆದು ಗಾಂಧಿಯನ್ನು ಹುಡುಕಿದವನು!

ಒಂದು ಪ್ರಶ್ನೆ. ಥಟ್ಟಂತ ಉತ್ತರ ಹೇಳಿ ನೋಡೋಣ.

ಗಾಂಧೀಜಿಯ ಬದುಕಿನ ಬಗ್ಗೆ ಮೊಟ್ಟಮೊದಲು ಪೂರ್ಣಪ್ರಮಾಣದ ಸಾಕ್ಷ್ಯಚಿತ್ರ ಮಾಡಿದವರು ಯಾರು?

ರಿಚರ್ಡ್ ಅಟೆನ್‌ಬರೊ ಅಂದಿರಾ? ಅಲ್ಲವೇ ಅಲ್ಲ! ಅದು ಕಥಾಚಿತ್ರ, ಬಂದದ್ದು 1982ರಲ್ಲಿ. ಫಿಲ್ಮ್ಸ್ ಡಿವಿಷನ್? ಅದು ಹುಟ್ಟಿದ್ದೇ ಸ್ವಾತಂತ್ರ್ಯ ಬಂದ ಮೇಲೆ. ಬಿಬಿಸಿ? ಹಾಲಿವುಡ್? ಹೋಗಲಿ, ಕಾಂಗ್ರೆಸ್ ಪಕ್ಷ? ಇಲ್ಲ, ಇಲ್ಲ, ಇಲ್ಲ!

ಒಬ್ಬ ತಮಿಳು ಹುಡುಗ! ಚೆಟ್ಟಿನಾಡಿನ ಕೋಟ್ಟೈಯೂರಿನವನು. ಹೆಸರು ಎ. ಕೆ. ಚೆಟ್ಟಿಯಾರ್.

ಕೇಳಿದ್ದೀರಾ ಈ ಹೆಸರು? ಕೇಳಿರದಿದ್ದರೆ ಬೇಜಾರು ಬೇಡ. ತಮಿಳುನಾಡಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೆ ಈ ಕಥೆ ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಮರೆಯುವುದು ಕಷ್ಟ. ನನ್ನ ಮಾತು ನಂಬಿ, ಮುಂದೆ ಓದಿ!

1937ರ ಅಕ್ಟೋಬರ್ 2. ನ್ಯೂಯಾರ್ಕ್‌ನಿಂದ ಡಬ್ಲಿನ್‌ಗೆ ಹೊರಟ ಹಡಗು. ಸುತ್ತ ಎತ್ತ ನೋಡಿದರೂ ಅಟ್ಲಾಂಟಿಕ್ ಸಾಗರ. ತಾರೀಖು ಗಮನಿಸಿದಿರಿ ತಾನೇ? ಗಾಂಧಿ ಜಯಂತಿ! ಆ ದಿನ, ಆ ಹಡಗಿನಲ್ಲಿ, ಚೆಟ್ಟಿಯಾರ್ ತಲೆಯೊಳಗೆ ಒಂದು ಹುಳ ಹೊಕ್ಕಿತು. ಗಾಂಧಿಯ ಬಗ್ಗೆ ಒಂದು ಚಿತ್ರ ಮಾಡಬೇಕು. ಬಣ್ಣ ಹಚ್ಚಿದ ನಟ ಬೇಡ, ಕಟ್ಟಿದ ಸೆಟ್ಟು ಬೇಡ. ಸಾಕ್ಷಾತ್ ಗಾಂಧಿಯೇ ತೆರೆಯ ಮೇಲೆ ನಡೆದಾಡಬೇಕು!

ಆಗ ಅವರ ವಯಸ್ಸೆಷ್ಟು, ಊಹಿಸಿ. ನಲವತ್ತು? ಮೂವತ್ತೈದು?

ಇಪ್ಪತ್ತಾರು ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು!

ಆ ವಯಸ್ಸಿಗೇ ಅವರು ರಂಗೂನಿನಲ್ಲಿ ಪತ್ರಿಕೆಯೊಂದರ ಸಂಪಾದಕರಾಗಿದ್ದವರು. ಟೋಕಿಯೊಗೆ ಹೋಗಿ ಫೋಟೊಗ್ರಫಿ ಕಲಿತವರು. ಸಾಲದು ಅಂತ ನ್ಯೂಯಾರ್ಕ್‌ಗೂ ಹೋಗಿ ಕಲಿತವರು. ಸರಿ, ಕ್ಯಾಮೆರಾ ಕೈಗೆ ಬಂತು. ಹಾಗಿದ್ದರೆ ನೇರ ಸೇವಾಗ್ರಾಮದ ಆಶ್ರಮಕ್ಕೆ ಹೋಗಿ ಗಾಂಧೀಜಿಯನ್ನು ಚಿತ್ರೀಕರಿಸಿದರೆ ಆಯಿತಲ್ಲ, ಅದರಲ್ಲೇನು ಮಹಾ?

ಮಹಾ ಇರುವುದು ಇಲ್ಲಿ! ಚೆಟ್ಟಿಯಾರ್‌ಗೆ ಬೇಕಿದ್ದದ್ದು ಆ ಹೊತ್ತಿನ ಮುದುಕ ಗಾಂಧಿಯ ನಾಲ್ಕು ದೃಶ್ಯಗಳಷ್ಟೇ ಆಗಿರಲಿಲ್ಲ. ಇಡೀ ಬದುಕು ಬೇಕಿತ್ತು. ಕಳೆದ ದಶಕಗಳಲ್ಲಿ ಯಾರು ಯಾರೋ, ಎಲ್ಲೆಲ್ಲೋ, ಯಾವುದೋ ಸಂದರ್ಭದಲ್ಲಿ ಗಾಂಧಿಯತ್ತ ಕ್ಯಾಮೆರಾ ತಿರುಗಿಸಿ ಒಂದು ನಿಮಿಷ, ಅರ್ಧ ನಿಮಿಷ ಹಿಡಿದಿಟ್ಟಿದ್ದರಲ್ಲ, ಆ ತುಣುಕುಗಳೆಲ್ಲ ಬೇಕಿತ್ತು!

ಯೋಚಿಸಿ ನೋಡಿ. ಅದು 1937. ಇಂಟರ್‌ನೆಟ್ ಇಲ್ಲ. ಯೂಟ್ಯೂಬ್ ಇಲ್ಲ. ನಮ್ಮ ದೇಶದಲ್ಲಿ ಚಲನಚಿತ್ರಗಳನ್ನು ಕಾಪಿಡುವ ಸರ್ಕಾರಿ ಭಂಡಾರವೂ ಇಲ್ಲ. ಪುಣೆಯಲ್ಲಿ ಅದು ಬಂದದ್ದು 1964ರಲ್ಲಿ. ಯಾವ ತುಣುಕು ಯಾವ ದೇಶದ ಯಾವ ಕಂಪನಿಯ ಯಾವ ಉಗ್ರಾಣದ ಯಾವ ಡಬ್ಬಿಯಲ್ಲಿದೆ ಅಂತ ಹೇಳುವ ಪಟ್ಟಿಯೇ ಇಲ್ಲ! ಇರುವುದು ಒಂದೇ ದಾರಿ. ಹೋಗಬೇಕು. ಬಾಗಿಲು ತಟ್ಟಬೇಕು. ಕೇಳಬೇಕು.

ಹೋದರು! ತಟ್ಟಿದರು! ಕೇಳಿದರು!

ಎಷ್ಟು ದೂರ ಹೋಗಿರಬಹುದು? ಹತ್ತು ಸಾವಿರ ಮೈಲಿ? ಇಪ್ಪತ್ತು ಸಾವಿರ?

ಒಂದು ಲಕ್ಷ ಮೈಲಿ!

ನಾಲ್ಕು ಖಂಡಗಳು. ಮೂರು ವರ್ಷಕ್ಕೂ ಕಡಿಮೆ ಅವಧಿ. ಒಂದು ಲಕ್ಷ ಮೈಲಿ ಅಂದರೆ 1,60,000 ಕಿಲೊಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ಲೆಕ್ಕ ನೀವೇ ಹಾಕಿ. ನಾಲ್ಕು ಸಲ ಭೂಮಿಯನ್ನು ಸುತ್ತಿ ಬಂದ ಹಾಗೆ! ಅದೂ ಬಹುಪಾಲು ಹಡಗಿನಲ್ಲಿ. ಅದೂ ಎರಡನೇ ಮಹಾಯುದ್ಧ ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ!

ತಂದದ್ದೆಷ್ಟು?

50,000 ಅಡಿ ಫಿಲ್ಮ್! ಬಿಚ್ಚಿ ಉದ್ದಕ್ಕೆ ಹಾಸಿದರೆ ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಹೋಗುವಷ್ಟು. ಕೂತು ನೋಡಲು ಹೊರಟರೆ ಒಂಬತ್ತು ಗಂಟೆಗೂ ಹೆಚ್ಚು. ಅದನ್ನು ಸೆರೆಹಿಡಿದ ಕ್ಯಾಮೆರಾಮನ್‌ಗಳು ಎಷ್ಟು ಜನ ಗೊತ್ತೇ? ನೂರಕ್ಕೂ ಹೆಚ್ಚು! ಮೂವತ್ತು ವರ್ಷಗಳ ಅವಧಿಯಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ನೂರು ಜನ ಹಿಡಿದ ಒಬ್ಬ ಮನುಷ್ಯನ ಚಿತ್ರಗಳು ಮೊದಲ ಬಾರಿಗೆ ಒಂದೇ ಕಡೆ ಸೇರಿದ್ದವು!

ಸ್ವಲ್ಪ ತಡೆಯಿರಿ, ಇದರಲ್ಲಿ ಇನ್ನೊಂದು ಮಜಾ ಇದೆ.

ಆ ಮನುಷ್ಯ, ಅಂದರೆ ಗಾಂಧೀಜಿ, ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದವರು! 1927ರಲ್ಲಿ ಬ್ರಿಟಿಷ್ ಸರ್ಕಾರ ಸಿನಿಮಾ ಬಗ್ಗೆ ವಿಚಾರಣಾ ಸಮಿತಿ ನೇಮಿಸಿ ಪ್ರಶ್ನಾವಳಿ ಕಳಿಸಿದಾಗ ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ನಾನು ಸಿನಿಮಾಕ್ಕೆ ಹೋದವನೇ ಅಲ್ಲ, ಆದರೂ ಅದು ಮಾಡುತ್ತಿರುವ ಕೆಡುಕು ಹೊರಗೆ ನಿಂತವನಿಗೂ ಕಾಣುತ್ತದೆ. ಮುಗಿಯಿತು! 1931ರಲ್ಲಿ ಲಂಡನ್ನಿನಲ್ಲಿ ಚಾರ್ಲಿ ಚಾಪ್ಲಿನ್ ತಮ್ಮನ್ನು ನೋಡಲು ಬಯಸುತ್ತಾರೆ ಅಂದಾಗ, ಯಾರದು ಅಂತ ಕೇಳಿದರಂತೆ! ಇಡೀ ಜಗತ್ತು ಚಾಪ್ಲಿನ್ ಹಿಂದೆ ಹುಚ್ಚಾಗಿ ಓಡುತ್ತಿದ್ದ ಕಾಲ ಅದು. ಬದುಕಿನ ಕೊನೆಯ ವರ್ಷಗಳಲ್ಲಿ ‘ರಾಮರಾಜ್ಯ’ ಅನ್ನುವ ಹಿಂದಿ ಚಿತ್ರದ ಒಂದಿಷ್ಟು ಭಾಗ ನೋಡಿದ್ದು ಬಿಟ್ಟರೆ ಭಾರತೀಯ ಸಿನಿಮಾದ ಜೊತೆ ಅವರ ನಂಟು ಅಷ್ಟಕ್ಕಷ್ಟೇ.

ಕ್ಯಾಮೆರಾ ಹಿಡಿದವರ ಪಾಡಂತೂ ಕೇಳಲೇಬೇಡಿ. ಗಾಂಧೀಜಿಯ ಮೊಮ್ಮಗನ ಸಾಲಿನ ಹುಡುಗ ಕನು ಗಾಂಧಿ ಆಶ್ರಮದಲ್ಲೇ ಇದ್ದು ಫೋಟೊ ತೆಗೆಯುತ್ತೇನೆ ಅಂದಾಗ ಅಜ್ಜ ಹಾಕಿದ ಷರತ್ತು ಮೂರು. ಫ್ಲಾಶ್ ಹೊಡೆಯುವಂತಿಲ್ಲ. ನಿಲ್ಲಿ, ಕೂರಿ, ಇತ್ತ ನೋಡಿ ಅನ್ನುವಂತಿಲ್ಲ. ಆಶ್ರಮದಿಂದ ಒಂದು ಕಾಸು ಕೇಳುವಂತಿಲ್ಲ! ಮನೆಯ ಹುಡುಗನಿಗೇ ಹೀಗಾದರೆ ಹೊರಗಿನವರ ಗತಿ?

ಆದರೂ ಆ ಕಾಲದಲ್ಲಿ ಜಗತ್ತಿನ ಕ್ಯಾಮೆರಾಗಳು ಬೆನ್ನು ಹತ್ತಿದ ಮನುಷ್ಯರ ಪಟ್ಟಿ ಮಾಡಿದರೆ ಗಾಂಧಿ ಮೇಲಿನ ಸಾಲಿನಲ್ಲೇ ಬರುತ್ತಾರೆ. ವಿಚಿತ್ರ ಅನ್ನಿಸುವುದಿಲ್ಲವೇ?

1931ರ ಒಂದು ತುಣುಕು ಸಿಕ್ಕರೆ ದಯವಿಟ್ಟು ಬಿಡದೆ ನೋಡಿ. ಗುಜರಾತಿನ ಬೋರ್ಸದ್‌ನಲ್ಲಿ ಅಮೆರಿಕದ ಫಾಕ್ಸ್ ಮೂವಿಟೋನ್‌ನವರು ಧ್ವನಿ ಸಹಿತ ಹಿಡಿದ ಸಂದರ್ಶನ. ಗಾಂಧಿ ನೆಲದ ಮೇಲೆ ಕೂತಿದ್ದಾರೆ. ಪತ್ರಕರ್ತ ಒಂದರ ಹಿಂದೆ ಒಂದು ಪ್ರಶ್ನೆ ಎಸೆಯುತ್ತಾನೆ. ಮತ್ತೆ ಜೈಲಿಗೆ ಹೋಗಲು ತಯಾರಿದ್ದೀರಾ? ಯಾವಾಗಲೂ ತಯಾರು! ಭಾರತದ ಸ್ವಾತಂತ್ರ್ಯಕ್ಕಾಗಿ ಸಾಯಲು ಸಿದ್ಧರಿದ್ದೀರಾ? ಗಾಂಧಿ ಒಂದು ಕ್ಷಣ ಸುಮ್ಮನಿದ್ದು, ಇದು ಕೆಟ್ಟ ಪ್ರಶ್ನೆ ಅನ್ನುತ್ತಾರೆ! ಆ ಮೆಲುದನಿ ಕೇಳಬೇಕು ನೀವು. ಪಠ್ಯಪುಸ್ತಕದ ಗಾಂಧಿ ಅಲ್ಲಿಗೇ ಮಾಯ. ಎದುರಿಗೆ ಒಬ್ಬ ಚೂಟಿ ಮುದುಕ ಕೂತಿರುತ್ತಾನೆ!

ಈಗ ದಂಡಿಗೆ ಬನ್ನಿ. ನಮಗೆ ಸಂಬಂಧಪಟ್ಟ ಒಂದು ರೋಮಾಂಚನ ಅಲ್ಲಿ ಕಾದಿದೆ.

1930ರ ಮಾರ್ಚ್ 12. ಸಾಬರಮತಿಯಿಂದ ಉಪ್ಪಿನ ಸತ್ಯಾಗ್ರಹದ ನಡಿಗೆ ಹೊರಟಿತು. ಗಾಂಧೀಜಿಯ ಜೊತೆ ಆಯ್ದ 78 ಜನ. ಮುಂಬಯಿಯ ಮೂರು ಫಿಲ್ಮ್ ಕಂಪನಿಗಳ ಕ್ಯಾಮೆರಾಗಳು ಬೆನ್ನು ಬಿದ್ದಿದ್ದವು. ಸರ್ಕಾರ ಏನು ಮಾಡಿತು? ಆ ಚಿತ್ರಗಳ ಪ್ರದರ್ಶನವನ್ನೇ ನಿಷೇಧಿಸಿತು! ಒಬ್ಬ ಮುದುಕ ಕೋಲೂರಿಕೊಂಡು ನಡೆಯುವುದನ್ನು ಜನ ನೋಡಬಾರದಂತೆ. ಅಂಥ ಭಯ!

ಆ 78 ಜನರಲ್ಲಿ ಕರ್ನಾಟಕದವರು ಎಷ್ಟು? ಹೇಳಿ ನೋಡೋಣ.

ಒಬ್ಬರೇ ಒಬ್ಬರು! ಮೈಲಾರ ಮಹದೇವಪ್ಪ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಹುಡುಗ. ಆಗ ವಯಸ್ಸು ಹದಿನೆಂಟು! ಇನ್ನು ಮುಂದೆ ದಂಡಿಯಾತ್ರೆಯ ಆ ಕಪ್ಪು–ಬಿಳುಪು ದೃಶ್ಯ ಎಲ್ಲೇ ಕಂಡರೂ ಗಾಂಧಿಯನ್ನು ಒಂದು ನಿಮಿಷ ಪಕ್ಕಕ್ಕಿಡಿ. ಹಿಂದೆ ಬಿರುಸಾಗಿ ಹೆಜ್ಜೆ ಹಾಕುತ್ತಿರುವ ಬಿಳಿ ಖಾದಿಯ ಸಾಲನ್ನು ನೋಡಿ. ಆ ಸಾಲಿನಲ್ಲಿ ನಮ್ಮ ಹುಡುಗನೂ ನಡೆದಿದ್ದ!

ಅವರಿಗೆ ಸ್ವಾತಂತ್ರ್ಯ ನೋಡುವ ಭಾಗ್ಯ ಇರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಈಗ ಒಂದು ಚಿಕ್ಕ ಲೆಕ್ಕ. ಮಹದೇವಪ್ಪ ಹುಟ್ಟಿದ್ದು 1911ರ ಜೂನ್‌ನಲ್ಲಿ. ಚೆಟ್ಟಿಯಾರ್ ಹುಟ್ಟಿದ್ದು? 1911ರ ನವೆಂಬರ್‌ನಲ್ಲಿ! ಒಂದೇ ವರ್ಷ! ಒಬ್ಬ ಗಾಂಧಿಯ ಹಿಂದೆ ಹೆಜ್ಜೆ ಹಾಕಿದ. ಇನ್ನೊಬ್ಬ ಗಾಂಧಿಯ ಹೆಜ್ಜೆಗಳನ್ನು ಹುಡುಕಿಕೊಂಡು ಭೂಮಿ ಸುತ್ತಿದ. ಇಬ್ಬರಿಗೂ ಪರಿಚಯ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೂ ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟಾಗ ಮೈ ಜುಂ ಅಂದಿತು, ನಿಮಗೂ ಹೇಳದೆ ಇರಲಾಗಲಿಲ್ಲ!

ಸರಿ, ಚೆಟ್ಟಿಯಾರ್ ಏನಾದರು?

50,000 ಅಡಿಯನ್ನು ಮುಂದೆ ಹರವಿಕೊಂಡು ಕತ್ತರಿ ಹಿಡಿದರು. ಹೊಸದಾಗಿ ಹಿಡಿಯಬೇಕಾದ ದೃಶ್ಯಗಳಿಗೆ ಪ್ಯಾರಿಸ್‌ನಲ್ಲಿ ಕಲಿತು ಬಂದ ಛಾಯಾಗ್ರಾಹಕ ಡಾ. ಪಿ. ವಿ. ಪತಿ ಜೊತೆಯಾದರು. ಡಿ. ಕೆ. ಪಟ್ಟಮ್ಮಾಳ್ ರಾಟೆಯ ಹಾಡೊಂದನ್ನು ಹಾಡಿದರು. ಹೌದು, ಕರ್ನಾಟಕ ಸಂಗೀತದ ಅದೇ ಪಟ್ಟಮ್ಮಾಳ್! ಕೊನೆಗೆ ಉಳಿದದ್ದು 12,000 ಅಡಿ. ಎರಡು ಗಂಟೆಗೂ ಮೀರಿದ ಚಿತ್ರ. ತಮಿಳು ವಿವರಣೆಯೊಂದಿಗೆ 1940ರ ಆಗಸ್ಟ್ 23ರಂದು ಬಿಡುಗಡೆ. ತೆಲುಗಿನಲ್ಲೂ ಬಂತು!

ಇಲ್ಲಿ ನಿಲ್ಲಿ. ಆ ತಾರೀಖನ್ನು ಇನ್ನೊಮ್ಮೆ ಓದಿ. 1940!

ಹೊಳೆಯಿತೇ?

ಗಾಂಧಿ ಇನ್ನೂ ಬದುಕಿದ್ದರು! ‘ಭಾರತ ಬಿಟ್ಟು ತೊಲಗಿ’ ಚಳವಳಿ ಇನ್ನೂ ಆಗಿರಲಿಲ್ಲ. ಕಸ್ತೂರಬಾ ಇದ್ದರು. ಕಾರ್ಯದರ್ಶಿ ಮಹಾದೇವ ದೇಸಾಯಿ ಇದ್ದರು. ದೇಶ ಇನ್ನೂ ಒಡೆದಿರಲಿಲ್ಲ. ನವಖಾಲಿಯ ಗಲಭೆ ಇರಲಿಲ್ಲ, ಬಿರ್ಲಾ ಭವನದ ಆ ಸಂಜೆ ಇರಲಿಲ್ಲ. ಇವತ್ತು ಗಾಂಧಿಯ ಬಗ್ಗೆ ಯಾವ ಚಿತ್ರ ನೋಡಲು ಕೂತರೂ ಕೊನೆ ಏನೆಂದು ನಮಗೆ ಮೊದಲೇ ಗೊತ್ತು. ಮೊದಲ ರೀಲಿನಿಂದಲೇ ಮೂರು ಗುಂಡುಗಳ ಸದ್ದಿಗೆ ಕಾಯುತ್ತಾ ಕೂತಿರುತ್ತೇವೆ. 1940ರಲ್ಲಿ ಟಿಕೆಟ್ ತಗೊಂಡು ಒಳಗೆ ಹೋದ ಆ ತಮಿಳರಿಗೆ ಅದು ಗೊತ್ತಿರಲಿಲ್ಲ! ಅವರು ನೋಡಿದ್ದು ಮುಂದೇನಾಗುತ್ತದೋ ಯಾರಿಗೂ ತಿಳಿಯದ ಒಂದು ಕಥೆಯನ್ನು. ಸ್ವರಾಜ್ಯ ಬರುತ್ತದೋ ಇಲ್ಲವೋ? ಮುದುಕ ಗೆಲ್ಲುತ್ತಾನೋ ಸೋಲುತ್ತಾನೋ? ಹೀಗೆ ಕೊನೆಯೇ ಇಲ್ಲದ ಗಾಂಧಿ ಚಿತ್ರವನ್ನು ನೋಡುವ ಅದೃಷ್ಟ ಆಮೇಲೆ ಯಾರಿಗೂ ಬರಲಿಲ್ಲ. ನನಗಂತೂ ಆ ಪ್ರೇಕ್ಷಕರ ಮೇಲೆ ಹೊಟ್ಟೆಕಿಚ್ಚು!

ಖುಷಿ ಬಹಳ ದಿನ ಉಳಿಯಲಿಲ್ಲ. ಯುದ್ಧದ ಕಾಲ. ಸರ್ಕಾರ ಸಿಡುಕುತ್ತಿತ್ತು. ಮುಟ್ಟುಗೋಲಿನ ಭಯ. ಚಿತ್ರ ತೆರೆಯಿಂದ ಸರಿಯಿತು.

ಮತ್ತೆ ಅದು ತಲೆ ಎತ್ತಿದ್ದು ಸ್ವಾತಂತ್ರ್ಯದ ಹೊತ್ತಿಗೆ. ಹಿಂದಿ ವಿವರಣೆ ಸೇರಿಸಿ 1947ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ತೋರಿಸಿದರು. ಊರಿಗೆ ಊರೇ ಹಬ್ಬ ಮಾಡುತ್ತಿದ್ದ ದಿನಗಳು! ಆಮೇಲೆ ಚೆಟ್ಟಿಯಾರ್ ಡಬ್ಬಿಗಳನ್ನು ಹೊತ್ತು ಅಮೆರಿಕಕ್ಕೂ ಹೋದರು. 1953ರಲ್ಲಿ ಇಂಗ್ಲಿಷ್ ರೂಪ ಸಿದ್ಧವಾಯಿತು. ಹಾಲಿವುಡ್‌ನ ಕೈ ಬಿದ್ದು ಚಿತ್ರ ಮೊಟಕಾಯಿತು. ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್ ಅವರ ದನಿ ಸೇರಿತು. ಇಪ್ಪತ್ತನೆಯ ಶತಮಾನದ ಪ್ರವಾದಿ ಅನ್ನುವ ಅರ್ಥದ ಹೆಸರೂ ಅಂಟಿತು. ಕೋಟ್ಟೈಯೂರಿನ ಹುಡುಗನ ಹುಳ ಹಾಲಿವುಡ್ ತನಕ ಹೋಗಿತ್ತು!

ಆಮೇಲೆ? ಎಲ್ಲ ನಿಶ್ಶಬ್ದ.

1968ರಲ್ಲಿ ವಿಠಲಭಾಯಿ ಝವೇರಿ ಅವರು ಗಾಂಧಿ ಸ್ಮಾರಕ ನಿಧಿಗಾಗಿ ಐದೂವರೆ ಗಂಟೆಯ ಮಹಾ ಸಾಕ್ಷ್ಯಚಿತ್ರ ಮಾಡಿದರು. 33 ರೀಲು! ಅದ್ಭುತ ಕೆಲಸ, ಅನುಮಾನವೇ ಬೇಡ. ಗಾಂಧಿ ಚಿತ್ರ ಅಂದರೆ ಅದೇ ಅನ್ನುವಂತಾಯಿತು. ಆದರೆ ಅದರ ಬೆನ್ನಿಗೆ ಸಂಸ್ಥೆ ಇತ್ತು, ಸ್ವತಂತ್ರ ದೇಶ ಇತ್ತು. ಚೆಟ್ಟಿಯಾರ್ ಬೆನ್ನಿಗೆ ಏನಿತ್ತು? ಸ್ನೇಹಿತರು, ಬಂಧುಗಳು ಸೇರಿ ಕಟ್ಟಿದ ಡಾಕ್ಯುಮೆಂಟರಿ ಫಿಲ್ಮ್ಸ್ ಲಿಮಿಟೆಡ್ ಅನ್ನುವ ಸಣ್ಣ ಕಂಪನಿ. ಮತ್ತೆ ಒಂದು ಪೆಟ್ಟಿಗೆ, ಒಂದು ಪಾಸ್‌ಪೋರ್ಟ್!

ಅಂಥವರು ತಮ್ಮ ಬಗ್ಗೆ ಎಷ್ಟು ಡಂಗುರ ಹೊಡೆದುಕೊಂಡಿರಬಹುದು? ಒಂದಿಷ್ಟೂ ಇಲ್ಲ! ಕ್ಯಾಮೆರಾವನ್ನೇ ಬದುಕು ಮಾಡಿಕೊಂಡಿದ್ದ ಈ ಪುಣ್ಯಾತ್ಮನಿಗೆ ತನ್ನ ಫೋಟೊ ತೆಗೆಸಿಕೊಳ್ಳುವುದೆಂದರೆ ಆಗದು. ಸಿಗುವ ಭಾವಚಿತ್ರಗಳು ಬೆರಳೆಣಿಕೆ! 1943ರಲ್ಲಿ ‘ಕುಮರಿ ಮಲರ್’ ಅನ್ನುವ ತಮಿಳು ಮಾಸಿಕ ಶುರು ಮಾಡಿ, 1983ರಲ್ಲಿ ತೀರಿಕೊಳ್ಳುವ ತನಕ, ಅಂದರೆ ನಲವತ್ತು ವರ್ಷ, ಅದರಲ್ಲೇ ಮುಳುಗಿದ್ದರು. ಪ್ರವಾಸ ಕಥನಗಳನ್ನು ಬರೆದರು. ಜಪಾನ್, ಅಮೆರಿಕ, ಯುರೋಪ್. ತಮಿಳರ ಪಾಲಿಗೆ ಲೋಕ ಸುತ್ತಿದ ತಮಿಳ ಅಂದರೆ ಇವರೇ. ಮತ್ತೆ ಇದು ಕೇಳಿ: ನಮ್ಮ ಕೊಡಗಿನ ಬಗ್ಗೆಯೂ ಒಂದು ಇಡೀ ಪುಸ್ತಕ ಬರೆದಿದ್ದಾರೆ! ಹೆಸರು ‘ಕುಡಗು’. ನಾಲ್ಕು ಖಂಡ ನೋಡಿದ ಕಣ್ಣು ಮಡಿಕೇರಿ ಕಡೆಗೂ ಬಂದಿತ್ತು. ಕನ್ನಡದ ಪ್ರಕಾಶಕರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ವಾಮೀ, ಅದನ್ನು ಕನ್ನಡಕ್ಕೆ ತನ್ನಿ!

ಇನ್ನು ದೊಡ್ಡ ಪ್ರಶ್ನೆ. ಆ 12,000 ಅಡಿ ಈಗ ಎಲ್ಲಿದೆ?

ಉಸಿರು ಬಿಗಿಹಿಡಿಯಿರಿ. ಕಾಣೆ!

ಮೂಲ ತಮಿಳು ಚಿತ್ರ ಸಿಕ್ಕಿಲ್ಲ. ಚೆನ್ನೈನ ಇತಿಹಾಸಕಾರ ಎ. ಆರ್. ವೆಂಕಟಾಚಲಪತಿ ಪತ್ತೇದಾರರ ಹಾಗೆ ಹುಡುಕಿದರು. ಚೆಟ್ಟಿಯಾರ್ ತಮ್ಮ ಪತ್ರಿಕೆಯಲ್ಲಿ ಬರೆದಿದ್ದ ಚಿತ್ರ ತಯಾರಿಕೆಯ ಕಥೆಯನ್ನು ಒಟ್ಟುಮಾಡಿ ಪುಸ್ತಕ ಮಾಡಿದರು. ಕೊನೆಗೆ ಒಂದು ಪ್ರತಿ ಅವರ ಕಣ್ಣಿಗೆ ಬಿತ್ತು! ಎಲ್ಲಿ? ಚೆನ್ನೈನಲ್ಲಾ? ದೆಹಲಿಯಲ್ಲಾ? ಸೇವಾಗ್ರಾಮದಲ್ಲಾ?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ! ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ! ಅದೂ 1953ರ ಮೊಟಕು ಇಂಗ್ಲಿಷ್ ರೂಪ. ಲಕ್ಷ ಮೈಲಿ ಅಲೆದು ಭಾರತಕ್ಕೆ ತಂದ ಗಾಂಧಿಯನ್ನು ನಾವು ಕಳೆದುಕೊಂಡೆವು, ಉಳಿದ ಅರೆಬರೆಯನ್ನು ಅಮೆರಿಕದವರು ಕಾಪಾಡಿಕೊಂಡರು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಕಳೆದುಹೋಗಿದ್ದೇಕೆ? ಒಂದು ಕಾರಣ ಆ ಕಾಲದ ಫಿಲ್ಮೇ. ನೈಟ್ರೇಟ್ ಫಿಲ್ಮ್! ಹೊತ್ತಿಕೊಂಡರೆ ಆರಿಸಲು ಆಗುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತದೆ, ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ! ಬೆಂಕಿ ಬೀಳದಿದ್ದರೂ ಸೆಕೆಗೆ, ತೇವಕ್ಕೆ ತಾನಾಗಿ ಕೊಳೆತು ಜಿಗುಟಾಗಿ, ಕೊನೆಗೆ ಪುಡಿಯಾಗುತ್ತದೆ. ನಮ್ಮ ಹಳೆಯ ಮೂಕಿ ಚಿತ್ರಗಳಲ್ಲಿ ಬಹುಪಾಲು ಹೀಗೇ ಹೋದವು.

ಆದರೂ ನನಗೊಂದು ಹುಚ್ಚು ಆಸೆ. ಚಿತ್ರ ತಮಿಳಿನಲ್ಲೂ ತೆಲುಗಿನಲ್ಲೂ ಬಂದಿತ್ತಲ್ಲ? ತಮಿಳು, ತೆಲುಗು ಚಿತ್ರಗಳು ಆಗಲೂ ಓಡುತ್ತಿದ್ದ ಊರುಗಳು ನಮ್ಮಲ್ಲಿ ಕಡಿಮೆಯೇ? ಬೆಂಗಳೂರು ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿ, ಬಳ್ಳಾರಿ. ಬಾಗಿಲು ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಕೋಣೆಗಳಲ್ಲಿ, ಹಳೆಯ ವಿತರಕರ ಗೋದಾಮುಗಳಲ್ಲಿ, ಗುಜರಿ ಅಂಗಡಿಗಳಲ್ಲಿ ತುಕ್ಕು ಹಿಡಿದ ದುಂಡು ಡಬ್ಬಿಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ ಒಂದರೊಳಗೆ ಇದರ ಒಂದು ರೀಲು ಇರಬಾರದೇ? ಒಂದೇ ಒಂದು ರೀಲು?

ಆದ್ದರಿಂದ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಅಜ್ಜನ ಅಟ್ಟದಲ್ಲಿ, ಊರಿನ ಹಳೆಯ ಟಾಕೀಸಿನಲ್ಲಿ ಅಂಥ ಡಬ್ಬಿ ಕಂಡರೆ ತೂಕಕ್ಕೆ ಹಾಕಬೇಡಿ. ಬೀಡಿ, ಬೆಂಕಿ, ಬಿಸಿಲು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಮುಚ್ಚಳ ಜಗ್ಗಾಡಬೇಡಿ. ಮೇಲಿನ ಚೀಟಿಯ ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಿ. ಚೀಟಿಯಲ್ಲಿ ಗಾಂಧಿ ಅನ್ನುವ ಹೆಸರು ತಮಿಳಿನಲ್ಲೋ ತೆಲುಗಿನಲ್ಲೋ ಕಂಡರಂತೂ ಒಂದು ದಿನವೂ ತಡಮಾಡಬೇಡಿ!